ಜೀಪಿನಡಿಯ ಭಾವ

ನಮ್ಮ ಭಾವನ ಮುಖ ನನಗೆ ಮರೆತೇಹೋಗಿದೆ. ಜೀಪಿನಡಿಯಿಂದ ಚಾಚಿದ ಎರಡು ಕಾಲುಗಳಷ್ಟೇ ಗುರುತು. ಬೆಟ್ಟ ಹತ್ತಿಸಬೇಕೆಂದು ಜೀಪನ್ನು ಎತ್ತರಿಸಿದರು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಶಾಫ್ಟು ಗಿಡ್ಡವಾಯಿತು. ಉದ್ದದ್ದು ತಂದು ಹಾಕಿದರು. ಗಾಡಿ ಚಳಿಜ್ವರ ಬಂದಂತೆ ನಡುಗತೊಡಗಿತು. ಮೆಕ್ಯಾನಿಕ್ಕಿಗೆ ತೋರಿಸಿ ಎಂದರೆ, "ಅವನಿಗೇನ್ ಗೊತ್ತು? ಇನ್ನೊಂದೇ ಬೋಲ್ಟು ಕಣೋ, ಆ ಸ್ಪ್ಯಾನರ್ ಕೊಡು" ಅನ್ನುತ್ತಾರೆ. ಬಿಚ್ಚಿ ಜೋಡಿಸಿದಾಗಲೆಲ್ಲ ಒಂದಿಷ್ಟು ನಟ್ಟು ಮಿಗುತ್ತವೆ. "ಕಂಪನಿಯವ್ರು ಸುಮ್ನೆ ಜಾಸ್ತಿ ಹಾಕಿರ್ತಾರೆ" ಎಂದು ಡಬ್ಬಿ ತುಂಬುತ್ತಾರೆ. ಗಾಡಿ ಗೇಟು ದಾಟಿತೋ, ವಾಪಸು ತಳ್ಳಿಕೊಂಡು ಬರುವುದು ನನ್ನ ಹಣೆಬರಹ. ನಿನ್ನೆ ತಳ್ಳಿ ಸುಸ್ತಾಗಿ, ರೇಗಿ, ಅಕ್ಕ ಕೂರುವ ಬದಿಗೆ ಜೋರಾಗಿ ಒದ್ದೆ. ಅವಳ ಮಂಡಿನೋವಿಗೆಂದು ಭಾವ ಬಾಗಿಲ ಕೆಳಗೊಂದು ಮೆಟ್ಟಿಲು ಬೆಸೆದಿದ್ದಾರೆ. ಒದೆ ಬಿದ್ದದ್ದು ಅದಕ್ಕೆ. ನನ್ನ ಕಾಲ್ಬೆರಳು ಊದಿತು, ಮೆಟ್ಟಿಲು ಮಿಸುಕಲಿಲ್ಲ. ಇಡೀ ಗಾಡಿಯಲ್ಲಿ ಭಾವ ಗಟ್ಟಿಯಾಗಿ ಕೂರಿಸಿದ್ದು ಅದೊಂದೇ.