ಕಣ್ಣಿನ ಔಷಧಿಗೆ ಮಡಿನೀರು

ನನ್ನ ಅತ್ತೆಯವರಿಗೆ ಕಾಣುತ್ತಿದ್ದದ್ದು ಬಲಗಣ್ಣು ಒಂದೇ. ಎಡಗಣ್ಣಿನ ದೃಷ್ಟಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಬಲಗಣ್ಣಿಗೂ ಪೊರೆ ಬಂದು, ಸಾರಿನಲ್ಲಿ ಕರಿಬೇವು ಯಾವುದು ಮೆಣಸಿನಕಾಯಿ ಯಾವುದು ಎಂದು ತಿಳಿಯದೆ ಊಟಕ್ಕೆ ಕೂತಾಗಲೆಲ್ಲ ನನಗೆ ಬೈಗುಳ ಶುರುವಾದ ಮೇಲೆ ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿಸಿದೆವು. ಮೊದಲು ಕೊಟ್ಟ ಹನಿ ಔಷಧಿ ವಿಪರೀತ ಉರಿಯಿತು. ಡಾಕ್ಟರು ಬೇರೆಯದು ಬರೆದುಕೊಟ್ಟರು. ಇದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇಲ್ಲ, ಅದಕ್ಕೇ ಉರಿಯುವುದಿಲ್ಲ. ಆದರೆ ಕ್ರಿಮಿ ಸೇರಿದರೆ ತಡೆಯುವಂಥದ್ದೂ ಏನೂ ಇಲ್ಲ, ಬಾಟ್ಲಿಯ ತುದಿ ಯಾವುದಕ್ಕೂ ತಾಗಬಾರದು, ಸೋಂಕಾದರೆ ಕಣ್ಣೇ ಹೋಗಬಹುದು ಎಂದು ನನ್ನ ಕಡೆ ನೋಡಿ ಹೇಳಿದರು. ಅತ್ತೆಯವರ ಕಡೆ ನೋಡಿ ಹೇಳಬೇಕಿತ್ತು.

ಧಾರವಾಡದ ನಮ್ಮ ಮನೆಯಲ್ಲಿ ಅವರ ಮಡಿ ದೊಡ್ಡದು. ಸ್ನಾನ ಮಾಡಿ ಮಡಿಸೀರೆ ಉಟ್ಟರೆಂದರೆ ಪೂಜೆ, ಊಟ ಮುಗಿಯುವವರೆಗೆ ಮೊಮ್ಮಕ್ಕಳೂ ಅವರನ್ನು ಮುಟ್ಟುವಂತಿಲ್ಲ. ಈಗ ತಲೆಯ ಮೇಲೆ ನೀರು ಹಾಕಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರಿಂದ ಜೀವ ಚಡಪಡಿಸುತ್ತಿತ್ತು. ಆ ಚಡಪಡಿಕೆ ಎಲ್ಲಿಗೆ ಹೋಗಿ ಮುಟ್ಟಿದೆ ಎಂಬುದು ನನಗೆ ಗೊತ್ತಾದದ್ದು ಬಚ್ಚಲಮನೆಯ ಬಾಗಿಲಲ್ಲಿ. ಅತ್ತೆಯವರು ಔಷಧಿಯ ಮುಚ್ಚಳ ತೆಗೆದು, ಅದರ ತುದಿಯ ಮೇಲೆ ತಾಮ್ರದ ತಂಬಿಗೆಯಿಂದ ನೀರು ಸುರಿಯುತ್ತಿದ್ದರು.

"ಅಂಗಡ್ಯಾಗ ಯಾರ್ಯಾರು ಮುಟ್ಟಿರ್ತಾರೋ ಏನೋ. ನನಗಂತೂ ತಲಿಮ್ಯಾಲ ನೀರಿಲ್ಲ, ಬಾಟ್ಲಿಗರೆ ಸ್ನಾನ ಆಗ್ಲಿ" ಎಂದರು, ತಣ್ಣಗೆ.

ದಿನಾ ಹೀಗೇ ಮಾಡುತ್ತಿದ್ದರಂತೆ. ನನ್ನ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಹೆದರಿಕೆ ಹೆಚ್ಚು. ಬಾಟ್ಲಿಯನ್ನು ಕಸದ ಬುಟ್ಟಿಗೆ ಎಸೆದು, ಅವರನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟೆ. ಬಸ್ಸಿನಲ್ಲಿ ನನಗೆ ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಇನ್ನೂ ಔಷಧಿ ಉಳಿದಿದ್ದ ಬಾಟ್ಲಿ ಎಸೆದಳಲ್ಲ ಎಂದು ಅತ್ತೆಯವರು ಮುಖ ಊದಿಸಿಕೊಂಡು ಕೂತಿದ್ದರು. ಡಾಕ್ಟರು ಪರೀಕ್ಷಿಸಿ, ಪುಣ್ಯಕ್ಕೆ ಸೋಂಕು ಆಗಿಲ್ಲ, ಹೊಸ ಬಾಟ್ಲಿ ತೊಗೊಳ್ಳಿ ಎಂದರು. ನನಗೆ ಅಳುವೇ ಬಂತು. ಅಳುವ ಬದಲು ದಾರಿಯುದ್ದಕ್ಕೂ ಕಣ್ಣಿಗೆ ಕಾಣದ ಕ್ರಿಮಿಗಳ ಬಗ್ಗೆ ಉಪದೇಶ ಮಾಡಿದೆ. ಕಾಣುವುದೇ ಸರಿಯಾಗಿ ಕಾಣದವಳಿಗೆ ಕಾಣದ್ದರ ಮಾತು ಯಾಕೆ ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದವರು ತಂಬಿಗೆ ಎತ್ತಿ, ತುಟಿಗೆ ತಾಗಿಸದೆ ಗಟಗಟ ನೀರು ಕುಡಿದರು. ಎಂಜಲಾಗಬಾರದೆಂದು ಹುಟ್ಟಿದಾಗಿನಿಂದ ಹಾಗೆಯೇ ಕುಡಿದವರು. ನನಗೆ ಅಲ್ಲೇ ಹೊಳೆಯಿತು. ಹನಿಯನ್ನೂ ಹೀಗೆಯೇ ಮೇಲಿಂದ ಬಿಡಬೇಕು, ತುದಿ ರೆಪ್ಪೆಗೆ ತಾಗಿದರೆ ಬಾಟ್ಲಿಯೇ ಎಂಜಲು, ನಿಮ್ಮ ಮಡಿನೀರೂ ಅದಕ್ಕೆ ಮೈಲಿಗೆ ಎಂದೆ.

ಅತ್ತೆಯವರು ತಂಬಿಗೆ ಕೆಳಗಿಟ್ಟರು. "ಹಂಗಂದ್ರ ಅದರ ಮಡಿ ನನ್ನ ಮಡಿಗಿಂತ ಹೆಚ್ಚಿಂದು ಅನ್ನು. ಮೊದಲ ಹೇಳಬಾರದೇನ?"

ಅಲ್ಲಿಂದ ನನ್ನ ಪಾಡು ನಾಯಿಪಾಡಾಯಿತು. ಸೋಪು ಹಚ್ಚಿ ಕೈ ತೊಳೆದೆನೋ ಇಲ್ಲವೋ ಎಂದು ಅಂಗೈ ಮೂಸಿ ನೋಡುತ್ತಿದ್ದರು. ಕೆಳರೆಪ್ಪೆಯನ್ನು ತಾವೇ ಜಗ್ಗಿ ಹಿಡಿಯುವರು, ನಾನು ಮುಟ್ಟದೆ ಮೇಲಿಂದ ಒಂದು ಹನಿ ಬಿಡಬೇಕು. ಒಮ್ಮೆ ತುದಿ ರೆಪ್ಪೆಗೆ ತಾಗಿದಂತಾಯಿತು ಎಂದು, ನಾನು ಆಣೆ ಮಾಡಿದರೂ ಕೇಳದೆ, ಆ ಬಾಟ್ಲಿಗೆ ಬಹಿಷ್ಕಾರ ಹಾಕಿದರು. ಪಕ್ಕದ ಮನೆಯಾಕೆ ಕಣ್ಣು ಕೆಂಪಾಗಿದೆ, ಒಂದೇ ಹನಿ ಕೊಡ್ರಿ ಕಾಕು ಎಂದು ಬಂದಾಗ, ಸಕ್ಕರೆ ಬೇಕಾದರೆ ಒಯ್ಯಿ, ಕಣ್ಣಿಗೆ ಡಾಕ್ಟರ ಹತ್ತಿರ ಹೋಗು ಎಂದು ಸಾಗಹಾಕಿದರು.

ಕಣ್ಣು ಪೂರ್ತಿ ಗುಣವಾಗಿದೆ, ತಲೆಸ್ನಾನ ಮಾಡಬಹುದು ಎಂದು ಡಾಕ್ಟರು ಹೇಳಿದ ಮರುದಿನ ಬೆಳಗ್ಗೆ ಅತ್ತೆಯವರು ನೀರು ಸುರಿದುಕೊಂಡದ್ದೇ ಸುರಿದುಕೊಂಡದ್ದು. ಮಡಿಯುಟ್ಟು ಪೂಜೆಗೆ ಕೂತವರು, ದೂರದಿಂದ ಹೂವಿನ ಬುಟ್ಟಿ ಇಡಲು ಬಗ್ಗಿದ ನನ್ನನ್ನೇ ದಿಟ್ಟಿಸಿದರು.

"ನಿನ್ನ ತಲಿ ಇಷ್ಟ ಯಾವಾಗ ಬೆಳ್ಳಗಾತು?"

ಭಾಳ ವರ್ಷ ಆತು ಎಂದೆ. ಅವರು ಹತ್ತಿರ ಬಾ ಎಂದು ಕೈಮಾಡಿ, ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಬೈತಲೆ ಬಿಡಿಸಿ ಬಿಡಿಸಿ ನೋಡಿದರು. ಆಮೇಲೆ ಇನ್ನೊಮ್ಮೆ ಸ್ನಾನಕ್ಕೆ ಎದ್ದರು.