ಸದ್ದಿಲ್ಲದ ರಿಕ್ಷಾದ ಸರದಿ

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಬದಿಯಲ್ಲಿರುವ ಆ ರಿಕ್ಷಾ ಪಾರ್ಕಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಮುಂದೆ ಸರಿಯುವ ಪದ್ಧತಿ ಇಲ್ಲ. ಎದುರಿನ ರಿಕ್ಷಾ ಬಾಡಿಗೆಗೆ ಹೊರಟಿತೆಂದರೆ ಹಿಂದಿನವರು ಇಳಿದು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಭುಜ ಕೊಟ್ಟು, ತಮ್ಮ ತಮ್ಮ ಗಾಡಿಯನ್ನು ಒಂದು ರಿಕ್ಷಾದ ಉದ್ದಕ್ಕೆ ದೂಡುತ್ತಾರೆ. ಮತ್ತೆ ಒಳಗೆ ಕೂತು ಪೇಪರ್ ಬಿಡಿಸುತ್ತಾರೆ. ಸಾಲಿನ ಎದುರು ತುದಿ ತಲುಪಿದವನಿಗೆ ಬಂದ ಬಾಡಿಗೆ ಹತ್ತಿರವೋ ದೂರವೋ, ಹೋಗಲೇಬೇಕು. ಒಲ್ಲೆ ಎಂದವನು ಸಾಲಿನ ಬಾಲಕ್ಕೆ.

ಹಸೈನಾರ್ ಮೂವತ್ತು ವರ್ಷ ಹೀಗೆ ದೂಡಿದವನು. ಸೊಂಟ ಕೈಕೊಟ್ಟ ಮೇಲೆ ಅವನ ರಿಕ್ಷಾಕ್ಕೆ ಹಿಂದಿನಿಂದ ಕೈ ಹಾಕುತ್ತಿದ್ದವನು ರಮಾನಾಥ. ಕೇಳಿ ಪಡೆದ ಸಹಾಯವಲ್ಲ ಅದು. ರಮಾನಾಥ ಪಾರ್ಕಿನ ಅಧ್ಯಕ್ಷ, ಮಾತು ಒರಟು. "ನಿನ್ನ ಸೊಂಟ ಕಾಯುವುದೇ ನನಗೆ ಕೆಲಸ ಆಯ್ತು ಮಾರಾಯ" ಎಂದು ಗೊಣಗುತ್ತಲೇ ದೂಡುತ್ತಿದ್ದ. ಒಮ್ಮೆ ಹಸೈನಾರ್ ಸೀಟಿನಿಂದ ಏಳಲಾರದೆ ಕೂತಲ್ಲೇ ಬೆವರಿದಾಗ, ರಿಕ್ಷಾ ಸಮೇತ ಅವನನ್ನು ಆಸ್ಪತ್ರೆಗೆ ತಲುಪಿಸಿದ್ದೂ ಇದೇ ಪಾರ್ಕಿನವರು.

ಆ ಸಲ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಈ ನಡುಗುವ ಗಾಡಿ ಬಿಡಿ" ಎಂದರು. ಹಾಗಾಗಿ ಹಸೈನಾರ್ ಬ್ಯಾಟರಿ ರಿಕ್ಷಾ ತೆಗೆದುಕೊಂಡ. ಭೂಮಿ ಉಳಿಸುವ ವಿಚಾರ ಅವನ ತಲೆಯಲ್ಲಿ ಇರಲಿಲ್ಲ, ಇದ್ದದ್ದು ಬೆನ್ನಿನ ವಿಚಾರ. ಗಾಡಿ ನಡುಗುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಸಂಜೆ ಯಾರಾದರೂ ದೂರದ ವೇಣೂರಿಗೆ ಹೋಗಿ ಬರುವ ಎಂದರೆ ಮಾತ್ರ ಚಾರ್ಜು ಸಾಲುತ್ತಿರಲಿಲ್ಲ. ಗಂಟೆಗಟ್ಟಲೆ ಕಾದು ತುದಿ ತಲುಪಿ, ಆಗುವುದಿಲ್ಲ ಎಂದು ತಲೆಯಾಡಿಸಿ ಬಾಲಕ್ಕೆ ಹೋಗುವುದು ಅವನಿಗೆ ಅಭ್ಯಾಸವಾಯಿತು. ದಣಿವು ಬೆನ್ನಿನಿಂದ ಬೇರೆ ಜಾಗಕ್ಕೆ ಹೋಯಿತು, ಅಷ್ಟೆ.

ಶ್ರೀಪ್ರಿಯಾ ಮೊದಲ ಸಲ ಬಂದದ್ದು ಚಳಿಗಾಲದಲ್ಲಿ. ಬೆಂಗಳೂರಿನಿಂದ ರೈಲಿನಲ್ಲಿ ಮಂಗಳೂರಿಗೆ, ಅಲ್ಲಿಂದ ಬಸ್ಸಿನಲ್ಲಿ ಇಲ್ಲಿಗೆ. ಬೆನ್ನ ಮೇಲೆ ಚೀಲ, ಚೀಲಕ್ಕೆ ನೇತುಹಾಕಿದ ಸ್ಟೀಲ್ ಬಾಟಲಿ. ಸಾಲನ್ನೆಲ್ಲ ಒಮ್ಮೆ ನೋಡಿ, ತುದಿಯಲ್ಲಿ ಹಸಿರು ನಂಬರ್ ಪ್ಲೇಟಿನ ಗಾಡಿ ಕಂಡು ನಕ್ಕಳು. ಅವತ್ತು ಸರದಿ ಹಸೈನಾರನದೇ ಆಗಿತ್ತು.

"ಕಾಕಾ, ಇದಕ್ಕೆ ಚಾರ್ಜ್ ಎಲ್ಲಿಂದ ಮಾಡ್ತೀರಾ? ಸೋಲಾರಾ?"

"ಇಲ್ಲ, ವಯರಿನಿಂದ."

ಅವಳು ಗಟ್ಟಿಯಾಗಿ ನಕ್ಕಳು. ಯಾವ ಬಸದಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಲ್ಲಿ ಬಾಟಲಿಗೆ ನೀರು ತುಂಬಿಸಬಹುದು, ಎಲ್ಲವೂ ಅವಳ ಫೋನಿನಲ್ಲಿತ್ತು. ದಾರಿ ಕೇಳದ ಪ್ರಯಾಣಿಕರನ್ನು ಹಸೈನಾರ್ ಮೊದಲ ಸಲ ನೋಡಿದ್ದು ಆಗಲೇ. ಅವಳಿಗೆ ಬೇಕಾದದ್ದು ಹೊಗೆ ಬಿಡದ ಗಾಡಿ ಮತ್ತು ಅದನ್ನು ಓಡಿಸುವವನ ಮಾತು. ಹಿಂದಿರುಗುವಾಗ ಪಾರ್ಕಿನವರು ರಿಕ್ಷಾ ದೂಡುವುದನ್ನು ವಿಡಿಯೋ ತೆಗೆದಳು.

"ಎಂಜಿನ್ ಆನ್ ಮಾಡ್ದೇನೇ ಮೂವ್ ಮಾಡ್ತೀರಲ್ಲ, ಗ್ರೇಟ್!"

"ಗ್ಯಾಸ್ ಏನು ಬಾವಿಯಿಂದ ಸೇದುವುದಾ ಮೇಡಂ?" ಎಂದ ರಮಾನಾಥ. ಪಾರ್ಕೇ ನಕ್ಕಿತು.

ಅವಳು ಹೋಗಿ ಯಾವುದೋ ಆ್ಯಪಿನಲ್ಲಿ ಬರೆದಳು. ಮೂಡುಬಿದಿರೆಯ ನಕ್ಷೆಯ ಮೇಲೆ ಒಂದು ಹಸಿರು ಎಲೆ, ಎಲೆಯನ್ನು ಒತ್ತಿದರೆ ಹಸೈನಾರನ ಮುಖ ಮತ್ತು ನಂಬರು. ಫೋನು ಬರತೊಡಗಿತು. ಪುಣೆಯವರು, ಕೊಚ್ಚಿಯವರು, ಧಾರವಾಡದ ಒಂದು ಸಂಸಾರ. ಕಾರಿನಲ್ಲಿ ಬರುವುದಿಲ್ಲ ಎಂದು ವ್ರತ ಹಿಡಿದವರಂತೆ ಬಸ್ಸಿನಿಂದಿಳಿದು, ಫೋನಿನಲ್ಲಿದ್ದ ಮುಖವನ್ನೂ ಎದುರಿನ ಮುಖವನ್ನೂ ಹೋಲಿಸಿ ನೋಡುತ್ತಾ, ಸಾಲಿನಲ್ಲಿ ನಿಂತ ಎಲ್ಲರನ್ನೂ ದಾಟಿ ಅವನ ಬಳಿಗೇ ಬರುತ್ತಿದ್ದರು. "ಮುಂದಿನದರಲ್ಲಿ ಹತ್ತಿ" ಎಂದು ಅವನು ಕೈ ತೋರಿಸಿದರೆ, "ನಾವು ಎಲೆಕ್ಟ್ರಿಕ್ ಅಂತಲೇ ಬುಕ್ ಮಾಡಿದ್ದು" ಎಂದು ನಿಂತೇ ಇರುತ್ತಿದ್ದರು.

ಮುಂದಿನ ರಿಕ್ಷಾದವನು ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ. ಆ ಕಣ್ಣುಗಳನ್ನು ತಪ್ಪಿಸಲಿಕ್ಕೆ ಹಸೈನಾರ್ ಒಂದು ದಾರಿ ಹುಡುಕಿದ. ಫೋನು ಬಂದರೆ, ಮೀನು ಮಾರ್ಕೆಟಿನ ತಿರುವಿನಲ್ಲಿ ನಿಲ್ಲಿ ಎನ್ನುವುದು. ತಾನು ಚಾ ಕುಡಿಯುವ ನೆಪದಲ್ಲಿ ಸಾಲು ಬಿಟ್ಟು, ಸದ್ದಿಲ್ಲದೆ ಆ ಕಡೆ ಹೋಗುವುದು. ಯಾರ ಕಣ್ಣಿಗೂ ಚುಚ್ಚುವುದಿಲ್ಲ, ಯಾರ ಬಾಡಿಗೆಯನ್ನೂ ಎದುರಿನಿಂದ ಕಸಿದಂತಾಗುವುದಿಲ್ಲ ಎಂದೇ ಅವನು ಅಂದುಕೊಂಡದ್ದು. ರಿಕ್ಷಾದವರ ಮಧ್ಯೆ ಅದಕ್ಕೆ ಹೆಸರೇ ಬೇರೆ ಇದೆ, ಕಳ್ಳ ಬಾಡಿಗೆ. ಮೂವತ್ತು ವರ್ಷ ಪಾರ್ಕಿನಲ್ಲಿದ್ದವನಿಗೆ ಆ ಹೆಸರು ನೆನಪಾಗದೆ ಹೋಯಿತು.

ಧಾರವಾಡದ ಸಂಸಾರವನ್ನು ತಿರುವಿನಲ್ಲಿ ಹತ್ತಿಸಿಕೊಳ್ಳುವಾಗ, ಮೀನು ತರಲು ಆ ಕಡೆ ನಡೆದು ಬಂದ ಪಾರ್ಕಿನ ಇರ್ಷಾದ್ ನೋಡಿದ. ಅವತ್ತು ಬೆಳಿಗ್ಗೆಯಿಂದ ಸಾಲಿನ ತುದಿಯಲ್ಲಿ ಬಾಡಿಗೆಯಿಲ್ಲದೆ ಕೂತವನು ಅವನೇ. ಪಾರ್ಕಿಗೆ ಹಿಂದಿರುಗಿ ಅಧ್ಯಕ್ಷರ ಕಿವಿಗೆ ಹಾಕಿದ. ಮಾತಾಡಿದ್ದು ರಮಾನಾಥ, ಮಧ್ಯಾಹ್ನ, ಎಲ್ಲರೆದುರು.

"ನಿಮ್ಮದು ಹೇಗೆ ಹಸೈನಾರ್ರೇ? ನೀವು ಮಾರ್ಕೆಟಿನ ಹತ್ತಿರ ಬೇರೆ ಪಾರ್ಕು ಮಾಡಿದ್ದೀರಂತೆ?"

ಇಷ್ಟು ವರ್ಷ ನೀನು ಎಂದವನ ಬಾಯಲ್ಲಿ ಬಂದ ಆ ಮರ್ಯಾದೆ ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

"ಅವರು ಬೇರೆ ರಿಕ್ಷಾ ಹತ್ತುವುದಿಲ್ಲ ಮಾರಾಯ. ನಾನು ಎಂತ ಮಾಡುವುದು?"

"ಅದು ನಮಗೆ ಗೊತ್ತಿಲ್ಲ. ಒಂದೋ ಸಾಲು, ಒಂದೋ ಫೋನು. ಆದಿತ್ಯವಾರ ಮೀಟಿಂಗ್ ಉಂಟು, ಅಷ್ಟರೊಳಗೆ ಹೇಳಿ."

ಅವತ್ತಿನಿಂದ ಸಾಲು ಸರಿಯುವಾಗ ಅವನ ರಿಕ್ಷಾಕ್ಕೆ ಯಾರೂ ಕೈ ಹಾಕಲಿಲ್ಲ. ಅವನು ಒಬ್ಬನೇ ದೂಡಿದ. ಆಗದಿದ್ದಾಗ ಮೋಟರು ಹಾಕಿ ಮುಂದೆ ಹೋದ. ಬೇರೆಯವರು ಮೈ ಬಗ್ಗಿಸಿ ದೂಡುತ್ತಿರುವಾಗ ತನ್ನ ಗಾಡಿಯೊಂದೇ ಬೆಕ್ಕಿನ ಹಾಗೆ ಮುಂದೆ ಬರುವುದಕ್ಕೆ ಅವನಿಗೇ ನಾಚಿಕೆಯಾಯಿತು.

ಮನೆಯಲ್ಲಿ ಹೆಂಡತಿ ಹಫ್ಸ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಎಲ್ಲವನ್ನೂ ಕೇಳಿದಳು. "ಫೋನಿನವರು ಮಳೆಗಾಲದಲ್ಲಿ ಬರ್ತಾರಾ?"

"ಎಲ್ಲಿಂದ ಬರ್ತಾರೆ."

"ನಿಮಗೆ ಸೊಂಟ ಹಿಡಿದರೆ ಎತ್ತಿಕೊಂಡು ಹೋಗ್ಲಿಕ್ಕೆ ಬರ್ತಾರಾ?"

ಅವನು ಎದ್ದು ಅಂಗಿ ಹಾಕಿಕೊಂಡ. 

ಶನಿವಾರ ಶ್ರೀಪ್ರಿಯಾ ಮತ್ತೆ ಬಂದಳು, ಜೊತೆಗೆ ಇಬ್ಬರು ಗೆಳತಿಯರು. ಮಾರ್ಕೆಟಿನ ತಿರುವಿನಲ್ಲಿ ನಿಂತು ಫೋನು ಮಾಡಿದಾಗ ಹಸೈನಾರ್, "ಪಾರ್ಕಿಗೇ ಬನ್ನಿ" ಎಂದ. ಬಂದರು. ಅವನ ಎದುರು ಇನ್ನೂ ನಾಲ್ಕು ರಿಕ್ಷಾಗಳಿದ್ದವು, ಹಿಂದೆ ರಮಾನಾಥನದು.

"ಕಾಕಾ, ಒಂದು ಒಳ್ಳೆ ಸುದ್ದಿ. ಇನ್ಮೇಲೆ ಪೂರ್ತಿ ನಮ್ಮ ಜೊತೆನೇ ಇರಿ. ಮೂಡುಬಿದಿರೆ, ವೇಣೂರು, ನೆರಿಯ ಊರ ಕಡೆ ಉಳಿಯೋಕೆ ಒಂದು ಕಾಡಂಚಿನ ಮನೆ, ಎಲ್ಲಾ ಸೇರಿಸಿ ಒಂದು ರೂಟ್ ಮಾಡ್ತಿದೀವಿ. ಮುಂದೆ ಎಲ್ರೂ ಹೀಗೇ ಪ್ರಯಾಣ ಮಾಡೋದು. ನೀವ್ಯಾಕೆ ಈ ಲೈನಲ್ಲಿ ಕಾಯ್ಬೇಕು?"

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದು ಅವನಿಗೆ ಗೊತ್ತಿತ್ತು. 

"ನೋಡಿ ಅಮ್ಮಾ, ನನ್ನ ಜಾಗ ಇದು. ನನ್ನ ರಿಕ್ಷಾವೇ ಬೇಕಾದರೆ ಸರದಿ ಬರುವವರೆಗೆ ಕಾಯಿರಿ. ಅರ್ಜೆಂಟ್ ಇದ್ದರೆ ಎದುರಿನದರಲ್ಲಿ ಹೋಗಿ, ಅವನೂ ಒಳ್ಳೆಯವನೇ."

ಗೆಳತಿಯರು ಮುಖ ಮುಖ ನೋಡಿಕೊಂಡರು. ಒಬ್ಬಳ ಫೋನು, ನಿಮ್ಮ ರಿಕ್ಷಾ ಬಂದಿದೆ ಎಂದು ತೋರಿಸುತ್ತಲೇ ಇತ್ತು. "ಕಾಯ್ತೀವಿ ಬಿಡಿ" ಎಂದಳು ಶ್ರೀಪ್ರಿಯಾ. ಮೂವರೂ ಪಕ್ಕದ ಅಂಗಡಿಯ ಜಗಲಿಯ ಮೇಲೆ ಕೂತರು.

ಬಿಸಿಲಿನ ಹೊತ್ತು, ಸಾಲು ನಿಧಾನವಾಗಿ ಕರಗಿತು. ಕಾಲೇಜಿನ ಮಕ್ಕಳು ಒಂದರಲ್ಲಿ ಹೋದರು, ಹಾಸಿಗೆ ಸುತ್ತಿಕೊಂಡು ಹಾಸ್ಟೆಲಿಗೆ ಹೊರಟ ಅಪ್ಪ ಮಗ ಇನ್ನೊಂದರಲ್ಲಿ. ಪ್ರತಿ ಸಲವೂ ಹಸೈನಾರ್ ಇಳಿದು ಒಬ್ಬನೇ ದೂಡಿದ. ಶ್ರೀಪ್ರಿಯಾ ಏಳಹೋದಾಗ ಬೇಡ ಎಂದು ಕೈ ಸನ್ನೆ ಮಾಡಿದ. ರಮಾನಾಥ ಹಿಂದಿನಿಂದ ನೋಡುತ್ತಿದ್ದ.

ಕೊನೆಗೆ ತುದಿ ಅವನದಾಯಿತು. ಹುಡುಗಿಯರು ಚೀಲ ಹೆಗಲಿಗೇರಿಸುವಷ್ಟರಲ್ಲಿ ಕಾಂತಿ ಬಂದಳು. ಅಲಂಗಾರಿನಲ್ಲಿ ಎರಡು ದನ ಸಾಕಿಕೊಂಡಿರುವ ಹೆಂಗಸು, ವಾರಕ್ಕೊಮ್ಮೆ ಪೇಟೆಗೆ ಬರುವವಳು. ತಲೆಯ ಮೇಲಿದ್ದ ಹಿಂಡಿಯ ಗೋಣಿಯನ್ನು ಯಾರನ್ನೂ ಕೇಳದೆ ತುದಿಯ ರಿಕ್ಷಾದ ಸೀಟಿನ ಮೇಲೆ ಇಳಿಸಿ, ತಾನೂ ಹತ್ತಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, ಈ ಕಡೆ ಮುಸ್ಲಿಮರನ್ನು ಕರೆಯುವ ರೂಢಿಯಂತೆ ಹಸೈನಾರನನ್ನು ಕರೆದಳು. "ಹೋಗುವ ಬ್ಯಾರಿಗಳೇ. ಕರು ಕೂಗ್ತಾ ಇರ್ತದೆ."

ಹಸೈನಾರ್ ಜಗಲಿಯತ್ತ ನೋಡಿದ. ಇಷ್ಟು ಹೊತ್ತು ಕಾದವರು ಅವರು. ಗೋಣಿ ಇಳಿಸಿ ಎಂದು ಒಂದು ಮಾತು ಹೇಳಿದರೆ ಕಾಂತಿ ಬೈದುಕೊಂಡು ಹಿಂದಿನ ರಿಕ್ಷಾಕ್ಕೆ ಹೋಗುತ್ತಿದ್ದಳು. ಆದರೆ ಅವರು ಕಾದದ್ದು ಅವನಿಗಾಗಿ, ಕಾಂತಿ ಬಂದದ್ದು ಸಾಲಿಗೆ. ಸಾಲಿನ ತುದಿಯಲ್ಲಿದ್ದವನಿಗೆ ಬಾಡಿಗೆಯನ್ನು ಆರಿಸುವ ಹಕ್ಕಿಲ್ಲ.

"ತಪ್ಪು ತಿಳಿಯಬೇಡಿ ಅಮ್ಮಾ" ಎಂದು ಶ್ರೀಪ್ರಿಯಾಳಿಗೆ ಹೇಳಿ ಗಾಡಿ ಬಿಟ್ಟ.

ಅಲಂಗಾರಿನಲ್ಲಿ ಗೋಣಿ ಇಳಿಸಲು ಕಾಂತಿಯೇ ಹೆಗಲು ಕೊಟ್ಟಳು. ತಿರುಗಿ ಬಂದಾಗ ಜಗಲಿ ಖಾಲಿಯಿತ್ತು. ಸಾಲು ಮತ್ತೆ ಬೆಳೆದಿತ್ತು. ಹಸೈನಾರ್ ಬಾಲದಲ್ಲಿ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ರಮಾನಾಥನೂ ಒಂದು ಬಾಡಿಗೆ ಮುಗಿಸಿ ಬಂದು ಅವನ ಹಿಂದೆ ನಿಂತ.

"ಅವರು ನಿನ್ನ ರಿಕ್ಷಾದಲ್ಲಿ ಹೋದರಾ?" ಹಸೈನಾರ್ ಕೇಳಿದ.

"ನನ್ನದರಲ್ಲಿ ಯಾಕೆ ಹೋಗ್ತಾರೆ? ನನ್ನದು ಹೊಗೆ ಅಲ್ವಾ." ರಮಾನಾಥ ಎಲೆಯಡಿಕೆ ಉಗಿದು ಬಂದ. "ಫೋನು ನೋಡಿದರು. ಸಾವಿರ ಕಂಬದ ಬಸದಿಗೆ ಕಾಲು ಗಂಟೆ ದಾರಿಯಂತೆ. ನಡೆದುಕೊಂಡು ಹೋದರು."

ಹಸೈನಾರನಿಗೆ ನಗು ಬಂತು, ನಗಲು ತ್ರಾಣ ಇರಲಿಲ್ಲ. ಆ ಕಾಲು ಗಂಟೆಯ ದಾರಿ ಅವನಿಗೆ ಮೊದಲೇ ಗೊತ್ತಿತ್ತು. ಯಾರೂ ಕೇಳಿರಲಿಲ್ಲ.

ಫೋನು ಕುಂಯ್ ಎಂದಿತು. ಶ್ರೀಪ್ರಿಯಾ ಕಳಿಸಿದ ವಾಯ್ಸ್ ಮೆಸೇಜು. "ಕಾಕಾ, ಬೇಜಾರಿಲ್ಲ. ನಡೆಯೋದು ತುಂಬಾ ಚೆನ್ನಾಗಿತ್ತು, ಗಲ್ಲಿ ಗಲ್ಲಿ ನೋಡಿದ್ವಿ. ಇನ್ಮೇಲೆ ಬರೋರಿಗೂ ನಡೀರಿ ಅಂತಾನೇ ಬರೀತೀನಿ. ದೂರದ್ದು ಇದ್ರೆ ಖಂಡಿತ ನಿಮಗೇ ಫೋನ್ ಮಾಡ್ತೀನಿ."

ದೂರದ್ದಕ್ಕೆ ಚಾರ್ಜು ಸಾಲದು ಎಂದು ಅವಳಿಗೆ ಅವನು ಯಾವತ್ತೂ ಹೇಳಿರಲಿಲ್ಲ.  ಫೋನನ್ನು ಅಂಗಿಯ ಕಿಸೆಗೆ ಹಾಕಿ ಕಣ್ಣು ಮುಚ್ಚಿದ.

ಎದುರಿನಿಂದ ಇರ್ಷಾದನ ರಿಕ್ಷಾ ಹೊರಟ ಸದ್ದು ಕೇಳಿತು. ಸಾಲು ಸರಿಯಿತು. ಹಸೈನಾರ್ ಸೊಂಟಕ್ಕೆ ಕೈ ಕೊಟ್ಟು ಇಳಿದ, ಹ್ಯಾಂಡಲ್ ಹಿಡಿದು ಭುಜ ಒತ್ತಿದ. ಗಾಡಿ ಅಂದುಕೊಂಡದ್ದಕ್ಕಿಂತ ಹಗುರವಾಗಿ ಮುಂದೆ ಹೋಯಿತು.

"ಬ್ರೇಕ್ ಬಿಡು ಮಾರಾಯ" ಎಂದು ಹಿಂದಿನಿಂದ ದೂಡುತ್ತಾ ರಮಾನಾಥ ಗೊಣಗಿದ.

ಬ್ರೇಕ್ ಬಿಟ್ಟೇ ಇತ್ತು. ಹಸೈನಾರ್ ಹ್ಯಾಂಡಲ್ ನೇರ ಹಿಡಿದು ಗಾಡಿಯ ಜೊತೆ ನಡೆದ.