ಸೌತೆಬಳ್ಳಿಯ ಮೇಲೆ ಮೀನಣ್ಣನ ಸೇಡು

ಎಲ್ಲರೂ ಮೀನಣ್ಣ ಎಂದು ಕರೆಯುವ ಈತ ತೊಟ್ಟಿಗಳಲ್ಲಿ ಮೀನು ಸಾಕುತ್ತಾನೆ. ತೊಟ್ಟಿಯ ಗಲೀಜು ನೀರು ಪಕ್ಕದ ಹಸಿರುಮನೆಗೆ ಹರಿದು, ಅವನ ಹೆಂಡತಿಯ ತಮ್ಮ ಬೆಳೆಸುವ ಸೌತೆಬಳ್ಳಿಗಳಿಗೆ ಗೊಬ್ಬರವಾಗುತ್ತದೆ. ನೋಡಲು ಬಂದವರು ತೊಟ್ಟಿಯ ಬಳಿ ಮೂಗು ಮುಚ್ಚಿಕೊಂಡು ದಾಟಿ, ಸೌತೆಕಾಯಿಯನ್ನು ಬಾಯಿತುಂಬ ಹೊಗಳುತ್ತಿದ್ದರು.

“ನನ್ನ ತಮ್ಮನ ಕೈಗುಣ ನೋಡ್ರೀ!” ಎಂದು ಹೆಂಡತಿಯೂ ಅಂದಾಗ ಮೀನಣ್ಣನ ಹೊಟ್ಟೆ ಉರಿಯಿತು.

“ಅವನ ಕೈಗುಣ ಅಲ್ಲ ಕಣೇ, ನನ್ನ ಮೀನಿನ ಗುಣ!” ಎಂದವನೇ ಮರುದಿನದಿಂದ ಮೀನುಗಳ ತಿಂಡಿಯನ್ನು ಅರ್ಧಕ್ಕಿಳಿಸಿದ. ತಿಂದರೆ ತಾನೇ ಗಲೀಜು, ಗಲೀಜಿದ್ದರೆ ತಾನೇ ಗೊಬ್ಬರ!

ಲೆಕ್ಕ ತಪ್ಪಲಿಲ್ಲ. ಬರಬರುತ್ತಾ ಬಳ್ಳಿಯ ಎಲೆಗಳು ಹಳದಿಯಾದವು. ಇನ್ನಾದರೂ ಜನ ತನ್ನ ನೀರಿನ ಮಹಿಮೆ ಕೇಳಲು ಬರುತ್ತಾರೆಂದು ಮೀನಣ್ಣ ಇಸ್ತ್ರಿ ಅಂಗಿ ತೊಟ್ಟು ಕಾದ. ಬಂದವರು ನೇರವಾಗಿ ಹಸಿರುಮನೆಗೆ ಹೋಗಿ, “ಪಾಪ, ಎಷ್ಟು ಕಷ್ಟಪಟ್ಟಿದ್ದೆಯಪ್ಪಾ!” ಎಂದು ಭಾಮೈದನ ಬೆನ್ನು ಸವರಿದರು. ಹೆಂಡತಿ ತಮ್ಮನಿಗೆ ಅಲ್ಲಿಗೇ ಊಟ ಹೊತ್ತೊಯ್ದಳು. ಸೊರಗಿದ ಮೀನುಗಳತ್ತ ಯಾರೂ ತಿರುಗಿ ನೋಡಲಿಲ್ಲ.

ಭಾಮೈದನಿಗೆ ಸಿಗುವ ಹೊಗಳಿಕೆಯನ್ನಾದರೂ ಸಹಿಸಬಹುದಿತ್ತು, ಈ ಅನುಕಂಪ ಸಹಿಸಲಸಾಧ್ಯವಾಯಿತು. ಮೀನಣ್ಣ ಅಂಗಿಯ ತೋಳು ಮಡಿಚಿ, ತಿಂಡಿಯ ಮೂಟೆ ಬಿಚ್ಚಿದ.

“ತಿನ್ರೋ, ಹೊಟ್ಟೆ ತುಂಬಾ ತಿನ್ರೋ. ಅವನ ಎಲೆ ಮೊದ್ಲು ಹಸಿರಾಗ್ಲಿ!”